ಕಟ್ಟಿಗೆಗೆ ಕಿವಿಗೊಟ್ಟ ಕಾಕು

ಅವರ ಎಡಗಿವಿಯಲ್ಲಿ ಓಲೆಯೂ ಇತ್ತು, ಬುಗುಡಿಯೂ ಇತ್ತು. ಬಲಗಿವಿ ಬೋಳು. ಚುಚ್ಚಿದ ತೂತುಗಳು ಕೂಡ ಮುಚ್ಚಿಕೊಂಡಿದ್ದವು. ಬಾಗಿಲಿಗೋ ಕಪಾಟಿಗೋ ಆ ಬಲಗಿವಿಯನ್ನು ಒತ್ತಿ ಹಿಡಿದು, ಉಳಿಯ ಹಿಡಿಕೆಯಿಂದ ಮೆಲ್ಲಗೆ ಬಡಿಯುತ್ತ ಅವರು ಒಳಗಿನ ಸಪ್ಪಳ ಕೇಳುತ್ತಿದ್ದರು. ನಡುವೆ ಬಂಗಾರ ಅಡ್ಡ ಬರಬಾರದೆಂದು ಒಮ್ಮೆ ಬಿಚ್ಚಿಟ್ಟದ್ದನ್ನು ಮತ್ತೆ ಹಾಕಿಕೊಳ್ಳಲೇ ಇಲ್ಲವಂತೆ.

ನಾವೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಬಸವನ ಬಾಗೇವಾಡಿಯವರು. ಗಂಡ ಬಡಿಗತನ ಮಾಡುತ್ತಿದ್ದರು. ಕಟ್ಟಿಗೆ ಕೊಯ್ಯುವ ಅಡ್ಡೆಯಲ್ಲಿ ಗರಗಸದ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತು ಅವರ ಕಿವಿ ಹೋಗಿತ್ತು. ಕೈ ಮಾತ್ರ ಮೊದಲಿನ ಹಾಗೆಯೇ ಇತ್ತು. ಆದರೆ ಗೆದ್ದಲು ಹತ್ತಿದ ಕಟ್ಟಿಗೆ ಟೊಳ್ಳೋ ಗಟ್ಟಿಯೋ ಎಂದು ಬಡಿದು ನೋಡಿದರೆ ಕೇಳಿಸುತ್ತಿರಲಿಲ್ಲ. ಅದನ್ನು ಕೇಳಿ ಹೇಳಲೆಂದು ಕಾಕು ಗಂಡನ ಮೊಪೆಡ್ಡಿನ ಹಿಂದೆ ಕೂತು ಹೊರಟರು. ಕೆಲವೇ ವರ್ಷಗಳಲ್ಲಿ ಮುದ್ದೇಬಿಹಾಳ, ಇಂಡಿ ಕಡೆಯಿಂದಲೂ ಜನ ಬಂದು, "ಕಾಕು ಅದಾರೇನ್ರಿ?" ಎಂದು ಆ ಬಡಿಗರನ್ನೇ ಕೇಳುವಂತಾಯಿತು. ಅವರಿಗೆ ಮಾತು ಕೇಳಿಸದಿದ್ದರೂ ತುಟಿ ನೋಡಿ ತಿಳಿದು, ನಕ್ಕು ಒಳಗೆ ಕೈ ತೋರಿಸುತ್ತಿದ್ದರು.

ನಾನು ಇಂಗಳೇಶ್ವರದ ಹಾದಿಯ ಒಂದು ಸಣ್ಣ ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಕಾಕು ಮೊದಲು ನಮ್ಮ ಮನೆಗೆ ಬಂದದ್ದು ನನ್ನ ಮದುವೆಯಲ್ಲಿ ಅವ್ವ ಕೊಟ್ಟ ಕಪಾಟಿನ ಸಲುವಾಗಿ. ಅದರ ಹಿಂದಿನ ಗೋಡೆಯ ಮೇಲೆ ಬೆರಳು ದಪ್ಪದ ಮಣ್ಣಿನ ಗೆರೆ ಏಳುತ್ತಿತ್ತು. ನಾನು ಕಸಬರಿಗೆಯಿಂದ ಕೆರೆದು ಹಾಕುವೆ. ಎರಡು ದಿನಕ್ಕೆ ಮತ್ತೆ ಹಾಜರು.

"ಹಾದಿ ಅಳಿಸಿದ್ರ ಊರು ಹೋಗತೈತೇನ ತಂಗಿ? ಒರಲಿ ಎಲ್ಲಿಂದ ಬರಾಕತ್ತೈತಿ, ಅದನ್ನ ನೋಡು," ಎಂದರು ಕಾಕು. ಗೆದ್ದಲಿಗೆ ನಮ್ಮ ಕಡೆ ಒರಲಿ ಎನ್ನುತ್ತೇವೆ.

ಕಪಾಟನ್ನು ಬಿಟ್ಟು ಅವರು ಮನೆಯ ಸುತ್ತ ಒಂದು ಸುತ್ತು ಹಾಕಿದರು. ಗೋಡೆಯ ಆಚೆ ಬಚ್ಚಲ ನೀರು ಇಂಗುತ್ತಿತ್ತು. ಅದೇ ಗೋಡೆಗೆ ನನ್ನ ಗಂಡ ಜೋಳದ ಒಣದಂಟಿನ ಕಣಿಕೆ ಒಟ್ಟಿದ್ದರು. "ನೀರೂ ನೀವ ಕೊಟ್ರಿ, ಊಟಾನೂ ನೀವ ಹಾಕಿದ್ರಿ. ಈಗ ಹುಳಕ್ಕ ಯಾಕ ಬೈತೀರಿ?"

ಕಣಿಕೆ ಸರಿಸಿ, ಬಚ್ಚಲಿಗೆ ಗಿಲಾವು ಮಾಡಿಸಿ, ಮಣ್ಣಿನ ಗೆರೆ ನೆಲಕ್ಕೆ ಇಳಿದಲ್ಲಿ ಅಗೆಸಿ ಔಷಧಿ ಹಾಕಿಸಿ, ಆಮೇಲಷ್ಟೇ ಕಪಾಟಿಗೆ ಕೈ ಹಚ್ಚಿದರು. ಒಳಗಿನ ಅರಿವೆಗಳನ್ನೆಲ್ಲ ತೆಗೆಸಿ ಎರಡು ದಿನ ಬಿಸಿಲಿಗೆ ನಿಲ್ಲಿಸಿದರು. ತಿಂದ ಹಲಗೆಯನ್ನು ಅವರ ಗಂಡ ಕೊಯ್ದು ಬೇರೆ ಕೂಡಿಸಿದರು. ಕಪಾಟಿನ ಬೆನ್ನಿಗೂ ಕಾಲುಗಳಿಗೂ ಕಾಕು ಗೇರೆಣ್ಣೆ ಸವರಿದರು. ಗೇರುಬೀಜದ ಸಿಪ್ಪೆಯಿಂದ ತೆಗೆದ, ಚರ್ಮ ಸುಡುವ ಎಣ್ಣೆ ಅದು. ನನ್ನನ್ನು ಹತ್ತಿರ ಬಿಡಲಿಲ್ಲ. ಅವರ ಬೆರಳ ತುದಿ ಯಾವಾಗಲೂ ಕಪ್ಪಗೆ ಯಾಕಿರುತ್ತದೆ ಎಂದು ಅವತ್ತು ತಿಳಿಯಿತು. ಕೊನೆಗೆ ಕಾಲುಗಳ ಕೆಳಗೆ ಕಲ್ಲಿನ ತುಂಡು ಇಟ್ಟು, ಗೋಡೆಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿ, "ನಡುವ ಗಾಳಿ ಆಡ್ಲಿ" ಎಂದರು.

ಅಂದಿನಿಂದ ಈ ಕಡೆ ಬಂದಾಗಲೆಲ್ಲ ನಮ್ಮಲ್ಲಿ ಚಹಾ ಕುಡಿದೇ ಹೋಗುತ್ತಿದ್ದರು. ಕಟ್ಟಿಗೆ ಕೆಟ್ಟಿದ್ದರೆ ಅದನ್ನು ಮನೆಯ ಹೆಂಗಸರಿಗೆ ಮೊದಲು ಹೇಳುವುದು ಅವರ ರೂಢಿ. ಯಾಕೆಂದು ಕೇಳಿದೆ. "ಗಂಡಸರು ಯಾರ ತಪ್ಪು ಅಂತ ಕೇಳ್ತಾರ. ಹೆಣ್ಮಕ್ಕಳು, ಈಗೇನು ಮಾಡೂಣು ಅಂತ ಕೇಳ್ತಾರ" ಎಂದರು.

ನಮ್ಮ ಅಂಗನವಾಡಿ ಆಗ ಊರಿನ ಸಾವುಕಾರರ ಹಳೆಯ ಮಾಳಿಗೆ ಮನೆಯಲ್ಲಿ ನಡೆಯುತ್ತಿತ್ತು. ಕಟ್ಟಿಗೆಯ ತೊಲೆಗಳ ಮೇಲೆ ಮಣ್ಣು ಹೇರಿದ ಮಾಳಿಗೆ. ಸಾವುಕಾರರು ಕೆಟ್ಟವರಲ್ಲ. ಮಕ್ಕಳಿಗೆಂದು ಖುಷಿಯಿಂದ ಮನೆ ಬಿಟ್ಟುಕೊಟ್ಟಿದ್ದರು. ಆ ವರ್ಷ ಕಂಬ, ತೊಲೆಗಳಿಗೆಲ್ಲ ನೀಲಿ ಬಣ್ಣವನ್ನೂ ಹೊಡೆಸಿದ್ದರು.

ಆಟಿಕೆ ಇಡುವ ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ದಿನಾ ಸಣ್ಣ ಮಣ್ಣು ಬೀಳುತ್ತಿತ್ತು. ಗೆದ್ದಲು ಹತ್ತಿರಬೇಕೆಂದು ಕಾಕುವನ್ನು ಕರೆಸಿದೆ. ಸ್ಟ್ಯಾಂಡ್ ಬಡಿದು ನೋಡಿ, "ಇದು ಛಲೋ ಐತಿ" ಎಂದವರು ತಲೆ ಎತ್ತಿದರು. ಏಣಿ ತರಿಸಿ ಹತ್ತಿದರು. ನಡುತೊಲೆಗೆ ಕಿವಿ ಇಟ್ಟು ಮಧ್ಯದಲ್ಲಿ ಬಡಿದರು, ಗೋಡೆಯ ಹತ್ತಿರ ಬಡಿದರು, ಮತ್ತೆ ಗೋಡೆಯ ಹತ್ತಿರವೇ ಬಡಿದರು. ಇಳಿದು ಬಂದು ನನ್ನ ರಟ್ಟೆ ಹಿಡಿದರು.

"ತಂಗಿ, ಮಕ್ಕಳನ್ನ ಹೊರಗ ಕರಕೊಂಡು ಬಾ."

"ಈಗ ಉಣ್ಣಾಕ ಕುಂತಾವ್ರಿ ಕಾಕು."

"ಗಂಗಾಳ ತಗೊಂಡ ಬರ್ಲಿ."

ಇಪ್ಪತ್ತೆರಡು ಮಕ್ಕಳು ಊಟದ ಗಂಗಾಳ ಹಿಡಿದು ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತವು.

ಸುದ್ದಿ ತಿಳಿದು ಸಾವುಕಾರರು ಬಂದರು. "ಸಾಗವಾನಿ ತೊಲಿ ಇದು. ನಮ್ಮ ಮುತ್ಯಾ ಹಾಕ್ಸಿದ್ದು. ಆನಿ ಕಟ್ಟಿದ್ರೂ ಅಲುಗಾಡೂದಿಲ್ಲ."

"ತೊಲಿ ಸಾಗವಾನಿನ ಐತ್ರಿ. ಗ್ವಾಡಿ ಹಸಿ ಐತಿ," ಎಂದರು ಕಾಕು. "ಗ್ವಾಡ್ಯಾಗ ಕುಂತ ತುದಿ ಉಳದಿಲ್ಲ. ಒಂದಿಷ್ಟು ಕೆತ್ತಿ ನೋಡ್ಲೇನ್ರಿ?"

"ನನ್ನ ಮನಿಗೆ ಉಳಿ ಹಚ್ಚಬ್ಯಾಡ್ರಿ."

ಇಲಾಖೆಯ ಮೇಲಿನವರಿಗೆ ಫೋನ್ ಮಾಡಿದೆ. ಬೇರೆ ಜಾಗ ಸಿಗುವವರೆಗೆ ಅಲ್ಲಿಯೇ ನಡೆಸಿ ಎಂದರು. ಬರೀ ಒಂದು ಸಪ್ಪಳವನ್ನು ನಂಬಿ ಊರನ್ನು ಎದುರು ಹಾಕಿಕೊಳ್ಳುವುದೇ? ಕಾಕುವನ್ನೇ ಕೇಳಿದೆ, "ಖರೇನ ಅಷ್ಟು ಕೆಟ್ಟೈತೇನ್ರಿ?"

ಅವರು ಗಿಡದ ಕೆಳಗೆ ನನ್ನ ಪಕ್ಕ ಕೂತು ಹೇಳಿದರು. ಹಿಂದೊಮ್ಮೆ ಗೊಳಸಂಗಿಯ ಒಂದು ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯ ಇತ್ತು. ಬಾಗಿಲ ಮೇಲಿನ ಪಟ್ಟಿ ಟೊಳ್ಳೆಂದು ಇವರಿಗೆ ಗೊತ್ತಾಯಿತು. ಶುಭಕಾರ್ಯದ ಮನೆಯಲ್ಲಿ ಯಾಕೆ ಹೇಳುವುದು, ನಾಳೆ ಹೇಳಿದರಾಯಿತು ಎಂದು ಸುಮ್ಮನಾದರು. ಸಂಜೆ ಆ ಪಟ್ಟಿ ಬಾಣಂತಿಯ ಕೈ ಮೇಲೆ ಬಿತ್ತು.

"ಕೂಸು ಉಳೀತು. ಆದ್ರ ಆಕಿಗೆ ಆ ಕೈಲೆ ಅದನ್ನ ಎತ್ತಾಕ ಆಗ್ಲೇ ಇಲ್ಲ. ನಾ ಹೋಗಿ ನೋಡಿ ಬಂದೇನಿ. ಒಂದ ಮಾತು ತಂಗಿ, ಒಂದ ಮಾತು ಆಡಿದ್ರ ಆಗತಿತ್ತು."

ಮರುದಿನದಿಂದ ಅಂಗನವಾಡಿಯನ್ನು ಹನುಮಪ್ಪನ ಗುಡಿಯ ಕಟ್ಟೆಗೆ ಒಯ್ದೆ. ನಾಲ್ಕು ದಿನ, ಆರು ದಿನ ಕಳೆದವು. ಏನೂ ಆಗಲಿಲ್ಲ. ತಾಯಂದಿರು ಬಿಸಿಲೆಂದು ಗೊಣಗಿದರು. "ಟೀಚರಿಗೆ ಹೆದರಿಕಿ ಹುಚ್ಚು ಹಿಡದೈತಿ" ಎಂಬ ಮಾತು ಕಿವಿಗೆ ಬಿತ್ತು. ನಿಜ ಹೇಳಬೇಕೆಂದರೆ, ನನಗೂ ಕಾಕುವಿನ ಮೇಲೆ ಸಿಟ್ಟು ಬರತೊಡಗಿತ್ತು.

ಒಂಬತ್ತನೇ ದಿನ ಸಾವುಕಾರರು, ತೊಲೆ ಗಟ್ಟಿಯಿದೆ ಎಂದು ಎಲ್ಲರೆದುರು ತೋರಿಸಲು, ಕಾಕುವಿಗೆ ಹೇಳಿ ಕಳಿಸಿದರು. ಊರ ಹಿರಿಯರನ್ನು ಬಾಗಿಲಲ್ಲಿ ನಿಲ್ಲಿಸಿ, ತಾವೇ ಹಾರೆ ಹಿಡಿದು ಏಣಿ ಹತ್ತಿದರು. ಕಾಕು ಕೆಳಗೆ ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತರು. ತೊಲೆ ಗೋಡೆಯನ್ನು ಸೇರುವಲ್ಲಿ ಸಾವುಕಾರರು ಹಾರೆಯಿಂದ ತಿವಿದರು. ಸಪ್ಪಳವೇ ಆಗಲಿಲ್ಲ. ಹಾರೆ ಮೊಳದುದ್ದ ಒಳಗೆ ಹೋಯಿತು. ನೀಲಿ ಬಣ್ಣದ ಸಿಪ್ಪೆ ಸೀಳಿ, ಮಣ್ಣು ಹಿಟ್ಟಿನಂತೆ ಅವರ ಮುಖದ ಮೇಲೆ ಸುರಿಯಿತು.

"ಹಾರಿ ಅಲ್ಲೇ ಬಿಡ್ರಿ. ಜಗ್ಗಬ್ಯಾಡ್ರಿ," ಎಂದರು ಕಾಕು. "ನಿಧಾನಕ ಇಳೀರಿ. ನಾ ಹಿಡದೇನಿ."

ಸಾವುಕಾರರು ಇಳಿದು ಬಂದು, ಮಕ್ಕಳು ಕೂರುತ್ತಿದ್ದ ಜಾಗವನ್ನೇ ನೋಡುತ್ತ ನಿಂತರು. ಕಾಕು ತಮ್ಮ ಸೆರಗಿನಿಂದ ಅವರ ಕಣ್ಣಿನ ಮಣ್ಣು ಒರೆಸಿದರು. ನಾ ಮೊದಲೇ ಹೇಳಿರಲಿಲ್ಲವೇ ಎಂಬ ಮಾತು ಅವತ್ತೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಮರುವಾರ ಗಂಡ ಹೆಂಡತಿ ಬಂದು, ಮಾಳಿಗೆ ಇಳಿಸಿ, ಉಳಿದ ಕಂಬಗಳನ್ನೆಲ್ಲ ಗೇರೆಣ್ಣೆ ಕುಡಿಸಿ ಉಳಿಸಿಕೊಟ್ಟರು.

ಹೋದ ವರ್ಷ ಬೇಸಿಗೆಯಲ್ಲಿ ಕಾಕು ದೇವರ ಹಿಪ್ಪರಗಿಯ ಮಗಳ ಮನೆಯಲ್ಲಿ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಸಾವುಕಾರರು ಬಂದಿದ್ದರು. ಕಿವಿ ಕೇಳದ ಆ ಮುದುಕ ಬಡಿಗರ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು.

ಇತ್ತೀಚೆಗೆ ಅಂಗನವಾಡಿಯಲ್ಲಿ ಒಂದು ಹುಡುಗಿ ಚಿತ್ರದ ಪುಸ್ತಕವನ್ನು ಮೂಗಿಗೆ ತಾಗಿಸಿ ನೋಡುವುದು ನನ್ನ ಗಮನಕ್ಕೆ ಬಂತು. ಸೋಮವಾರ ಹೇಳಿದರಾಯಿತು ಎಂದುಕೊಂಡು ಬೀಗ ಹಾಕಿದವಳು, ಮನೆಗೆ ಹೋಗದೆ ಸೀದಾ ಆ ಹುಡುಗಿಯ ಮನೆಗೆ ನಡೆದೆ. ತಾಯಿ ಸಿಡಿಮಿಡಿಗೊಂಡಳು. "ನನ್ನ ಮಗಳ ಕಣ್ಣಿಗೆ ಏನೂ ಆಗಿಲ್ರಿ ಟೀಚರ್. ಸುಮ್ಮ ಇಲ್ಲದ ಕುಂದು ಹಚ್ಚಬ್ಯಾಡ್ರಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಹೊರಗಿನ ಕಟ್ಟೆಯ ಮೇಲೆ ಕೂತೆ. ಬಹಳ ಹೊತ್ತಾಯಿತು. ಕೊನೆಗೆ ಬಾಗಿಲು ತೆರೆಯಿತು. ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ತಾಯಿ ಹೊಸ್ತಿಲಲ್ಲಿ ನಿಂತಿದ್ದಳು.

"ಯಾವ ದವಾಖಾನಿಗೆ ಹೋಗಬೇಕ್ರಿ?" ಎಂದಳು.