ರೇಣುಕವ್ವನ ಕೆಂಚಿ ಯಾವ ಗುಂಪಿಗೆ?

ಘೋಣಸಗಿಯ ರೇಣುಕವ್ವ ಟಿಕೋಟಾ ಸಂತೆಯಲ್ಲಿ ಮೊಸರು ಮಾರಲು ಕುಳಿತರೆ ಗಡಿಗೆಯ ಬಾಯಿಗಿಂತ ಮೊದಲು ಅವಳ ಬಾಯಿ ತೆರೆಯುತ್ತಿತ್ತು. "ಕಣ್ಣಿಲೆ ನೋಡ್ರಿ, ಬೆರಳ ಅದ್ದಿ ನೋಡಬ್ಯಾಡ್ರಿ" ಎಂದು ಗದರುವಳು. ಬೈಸಿಕೊಂಡವರೇ ಮುಂದಿನ ವಾರ ಮತ್ತೆ ಬರುವರು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದು, ಮನೆಗೆ ತಗಡು ತೆಗೆಸಿ ಸ್ಲ್ಯಾಬ್ ಹಾಕಿಸಿದ್ದು, ಎಲ್ಲ ಮೊಸರಿನ ಮೇಲೆಯೇ. ಮೊದಲು ಕೆಂಚಿಯ ಅಜ್ಜಿ, ಆಮೇಲೆ ಅದರ ಅವ್ವ, ಈಗ ಕೆಂಚಿ. ಹಟ್ಟಿಯಲ್ಲಿ ಇರುವುದು ಅದೊಂದೇ ಆಕಳು.

ದನಗಳಿಗೆ ಗಂಟುರೋಗ ಬಂದ ವರ್ಷ ಕೆಂಚಿಯ ಮೈಮೇಲೂ ಬಾರಿಹಣ್ಣಿನಷ್ಟು ದಪ್ಪ ಗಂಟುಗಳೆದ್ದವು. ಜ್ವರ ಬಂತು, ಮೇವು ಬಿಟ್ಟಿತು. ದನದ ಡಾಕ್ಟರು ಬಂದು ಸೂಜಿ ಮಾಡಿ, "ಮೇಯಾಕ ಹತ್ತಿದರ ಗೆದ್ದಂಗ. ಮುಂದಿಂದು ಈಗ ಹೇಳಾಕ ಬರೂದಿಲ್ಲ" ಎಂದು ಹೋದರು.

ಮರುದಿನ ಮುಂಜಾನೆ ಸಾರವಾಡದಿಂದ ಅವಳ ತಮ್ಮ ಸಿದ್ದರಾಮ ಡ್ರೈವರ್ ಸಮೇತ ಬಾಡಿಗೆಯ ಟೆಂಪೋ ತಂದು ನಿಲ್ಲಿಸಿದ.

"ಯಕ್ಕಾ, ಇದು ಉಳಿಯೂ ಮಾಲಲ್ಲ. ಯಾಪಾರಿ ಇವತ್ತರ ತಗೋತಾನ. ನಾಳೆ ಕುಣಿ ತೋಡೂದ ನಮಗ ಬರತೈತಿ."

"ಉಳಿಯೂದಿಲ್ಲಂತ ನಿನಗ ಯಾರು ಹೇಳ್ಯಾರ?"

"ರಾಯಪ್ಪ ಹೇಳ್ಯಾನ."

ರಾಯಪ್ಪ ಅಂಗಳದಲ್ಲೇ ನಿಂತಿದ್ದ. ಸುತ್ತಲಿನ ಊರುಗಳಲ್ಲಿ ದನ ಸತ್ತರೆ ಟ್ರ್ಯಾಕ್ಟರಿನಲ್ಲಿ ಒಯ್ದು ಕುಣಿಗೆ ಹಾಕುವವನು ಅವನೇ. "ಯವ್ವಾ, ಈ ರೋಗ ಬಂದ ದನಾ ನಾ ಎಷ್ಟ ನೋಡೇನಿ! ಒಂದೂ ಉಳದಿಲ್ಲ ನೋಡು" ಎಂದ.

ಎತ್ತುಗಳ ಗೊರಸಿಗೆ ನಾಲ ಬಡಿಯುವ ರಸೂಲಸಾಬ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಅವನು ಕಪ್ಪು ಕೆಳಗಿಟ್ಟು ಎದ್ದ. "ಏ ಸುಳ್ಳ! ಗಂಟೆದ್ದು ಆರಾಮಾದ ಎತ್ತ ನನ್ನ ಹಂತ್ಯಾಕ ದಂಡಿಗಟ್ಟಲೆ ಬಂದಾವ. ಒಂದೂ ಸತ್ತಿಲ್ಲ."

"ಮಾಮಾ, ಸತ್ತ ಎತ್ತು ನಾಲ ಬಡಸ್ಕೊಳ್ಳಾಕ ಬರತೈತೇನು?" ಎಂದ ರಾಯಪ್ಪ.

"ಬದುಕಿದ್ದ ಎತ್ತು ನಿನ್ನ ಟ್ರ್ಯಾಕ್ಟರ್ ಏರತೈತೇನಲೇ?"

ಅದೇ ಕಟ್ಟೆಯ ಮೇಲೆ ಕುಳಿತಿದ್ದ ನಾನು ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಅಕ್ಷರವನ್ನೂ ಲೆಕ್ಕವನ್ನೂ ನಾನೇ ಕಲಿತವನು, ಅದಕ್ಕೇ ಅವು ನನ್ನಲ್ಲಿ ಗಟ್ಟಿಯಾಗಿವೆ. ಇಬ್ಬರೂ ನ್ಯಾಯಕ್ಕೆಂದು ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು, "ನೋಡ್ರಿ, ಶೇಕಡಾ ಲೆಕ್ಕ ತಗದ್ರ..." ಎಂದು ಆರಂಭಿಸಿದೆ.

"ಕಾಕಾ, ಶೇಕಡಾ ತಗೊಂಡು ಏನ ಮಾಡ್ಲಿ? ನೂರ ಆಕಳ ಎಲ್ಲದಾವು ನನಗ? ಇರೂದ ಒಂದು" ಎಂದಳು ರೇಣುಕವ್ವ.

ಆದರೆ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ ಎಂದು ಅವಳಿಗೆ ಹೊಳೆದಿತ್ತು. ಸತ್ತ ದನವನ್ನು ಮುಚ್ಚಿಡಲು ಬರುವುದಿಲ್ಲ, ಊರೆಲ್ಲ ನೋಡುತ್ತದೆ. ರೋಗ ಬಂದು ಗುಣವಾದ ದನವನ್ನು ಮಾತ್ರ ನಮ್ಮವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಡೇರಿಯವರು ಆ ಮನೆಯ ಹಾಲು ಬೇಡ ಎನ್ನುತ್ತಾರೆ. "ನಿಮ್ಮ ದನಕ್ಕ ರೋಗ ಬಂದಿತ್ತೇನು" ಎಂದು ಕೇಳಿದರೆ ಊರಿಗೆ ಊರೇ ಇಲ್ಲ ಎನ್ನುತ್ತದೆ.

"ಟೆಂಪೋ ನಿಂದರಲಿ. ಬಂದೆ" ಎಂದು ಸಿದ್ದರಾಮನಿಗೆ ಹೇಳಿ ರೇಣುಕವ್ವ ಒಂದು ಬಟ್ಟಲು ಹಿಡಿದು ಮನೆ ಮನೆಗೆ ಹೊರಟಳು. ಅವರ ದನಕ್ಕೆ ರೋಗ ಬಂದಿತ್ತೇ ಎಂದು ಕೇಳಲೇ ಇಲ್ಲ. "ಕೆಂಚಿಗೆ ಗಂಟ ಎದ್ದಾವ ಬೇ. ಏನ ಹಚ್ಚಲಿ?" ಎಂದಷ್ಟೇ ಕೇಳಿದಳು.

ಔಷಧ ಕೇಳಿದರೆ ನಮ್ಮೂರಲ್ಲಿ ಸುಮ್ಮನಿರುವ ಮನೆ ಒಂದೂ ಇಲ್ಲ. ಒಬ್ಬಳು ಬೇವಿನ ಸೊಪ್ಪು ಅರಿಶಿಣ ಎಂದಳು. ಇನ್ನೊಬ್ಬಳು, "ವೀಳ್ಯದೆಲಿ, ಮೆಣಸು, ಬೆಲ್ಲ ಕುಟ್ಟಿ ತಿನಸು. ನಮ್ಮದು ಅದರಾಗ ಎದ್ದೈತಿ" ಎಂದಳು. ಕೆಳಗಿನ ಓಣಿಯ ಪೀರಾಂಬಿಯಂತೂ ತನ್ನ ಆಕಳಿಗೆ ಹಚ್ಚಿ ಉಳಿದ ಮುಲಾಮನ್ನು ಬಟ್ಟಲಿಗೆ ಸುರಿದು, "ಬಾಜೂ ಮನ್ಯಾಗಿನವರ ಮಾತ ಕೇಳಬ್ಯಾಡ. ಅವರ ಆಕಳಾ ಎದ್ದಿದ್ದು ದೈವದಿಂದ, ಅವರ ಔಷಧದಿಂದಲ್ಲ" ಎಂದಳು. ಹೀಗೆ ಬಾಜೂ ಮನೆಯ ಗುಟ್ಟೂ ರಟ್ಟಾಯಿತು.

ಮರಳಿ ಬಂದವಳು ಕಟ್ಟೆಯ ಮೇಲೆ ಗುಂಪು ಹಾಕಿದಳು. ಎದ್ದ ದನಕ್ಕೆ ಒಂದೊಂದು ಗೋವಿನಜೋಳದ ಕಾಳು: ಹತ್ತೊಂಬತ್ತು. ನಮ್ಮೂರಲ್ಲಿ ಸತ್ತವಕ್ಕೆ ಹುಣಸೆಬೀಜ. ರಾಯಪ್ಪನನ್ನೇ ಕೇಳಿದಳು. ಅವನು ಬೇರೆ ಊರುಗಳವನ್ನು ಬಿಟ್ಟು ಎಣಿಸಿ, ಸಣ್ಣ ದನಿಯಲ್ಲಿ "ಮೂರು" ಎಂದ. ಇನ್ನೂ ಮಲಗಿದ್ದವು ಕೆಂಚಿ ಸೇರಿ ಐದು. ಅವಕ್ಕೆ ಕಡಲೆ ಇಟ್ಟಳು.

ಈಗ ಜಗಳ ಕಡಲೆಯ ಮೇಲೆ ಬಂತು.

"ಇನ್ನಾ ಉಸಿರಾಡಾಕತ್ತಾವ. ಬದುಕಿದ್ದರಾಗ ಹಾಕ್ರಿ" ಎಂದ ರಸೂಲಸಾಬ.

"ಮೇವ ಬಿಟ್ಟಾವ ಮಾಮಾ, ಸತ್ತಿದ್ದರಾಗ ಹಾಕ್ರಿ" ಎಂದ ರಾಯಪ್ಪ.

ಅವನು ಇತ್ತ ದೂಡಿದ, ಇವನು ಅತ್ತ ದೂಡಿದ. ಎಳೆದಾಟದಲ್ಲಿ ಒಂದು ಕಡಲೆ ಕೆಳಗೆ ಬಿತ್ತು, ಕೋಳಿ ತಿಂದು ಹೋಯಿತು.

"ಅಯ್ಯ, ಯಾರ ಆಕಳಾ ನುಂಗಿತಪಾ ಅದು!" ಎಂದು ರೇಣುಕವ್ವ ಹಣೆ ಬಡಿದುಕೊಂಡು ಇನ್ನೊಂದು ಕಡಲೆ ಇಟ್ಟಳು. ಆಮೇಲೆ ಐದನ್ನೂ ತಾನೇ ಹುಣಸೆಬೀಜದ ಗುಂಪಿಗೆ ತಳ್ಳಿದಳು. ರಾಯಪ್ಪ ಗೆದ್ದವನಂತೆ ಮೀಸೆ ತೀಡಿದ.

"ತಡಿಯಪಾ. ಈ ಐದೂ ಸತ್ತು ಅಂತ ತಿಳಿ. ಆದರೂ ಯಾ ಗುಂಪು ದೊಡ್ಡದೈತಿ?"

ಎಲ್ಲರೂ ನೋಡಿದೆವು. ಜೋಳದ ಗುಂಪೇ ದೊಡ್ಡದಿತ್ತು.

"ಯಕ್ಕಾ, ನಿನ್ನದು ಸಣ್ಣ ಗುಂಪಿನಾಗ ಬಿದ್ದರ?" ಎಂದ ಸಿದ್ದರಾಮ.

ರೇಣುಕವ್ವ ಹಟ್ಟಿಯ ಕಡೆ ಕೈ ಮಾಡಿದಳು. "ಬಿದ್ದರ ನನ್ನ ಹಟ್ಟ್ಯಾಗ, ನನ್ನ ಕೈಯಾಗ ಬೀಳಲಿ. ಈ ರೋಗಾನ ಯಾಪಾರಿ ಕೈಲೆ ಇನ್ನೊಬ್ಬರ ಹಟ್ಟಿಗೆ ಕಳಸೂದಿಲ್ಲ. ನೀ ಟೆಂಪೋ ಹೊಳ್ಳಿಸಿ ಕಳಸು. ನೀ ಹೋಗಬ್ಯಾಡ, ಬೇವಿನ ಸೊಪ್ಪು ತಾ."

ಸಿದ್ದರಾಮ ಉಳಿದ. ಸೊಪ್ಪು ತಂದ, ಅರೆದ, ಹೊಗೆ ಹಾಕಿ ನೊಣ ಓಡಿಸಿದ, ಗಂಟು ಒಡೆದಲ್ಲೆಲ್ಲ ಮುಲಾಮು ಹಚ್ಚಿದ. ಆ ಐದರಲ್ಲಿ ಪೀರಾಂಬಿಯ ಓಣಿಯ ಎರಡು ಕರುಗಳು ಉಳಿಯಲಿಲ್ಲ. ಆ ಮನೆಗಳಿಗೆ ಹೋಗಿ ಕುಳಿತ ರೇಣುಕವ್ವ ಅಲ್ಲಿ ಲೆಕ್ಕದ ಮಾತು ಎತ್ತಲಿಲ್ಲ.

ಕೆಂಚಿ ಒಂದು ಮುಂಜಾನೆ ಕಣಕಿಯ ಮೇವಿಗೆ ಬಾಯಿ ಹಾಕಿತು. ಖುಷಿಯಿಂದ ಮೈ ತಿಕ್ಕಲು ಹೋದ ಸಿದ್ದರಾಮನಿಗೆ ಜಾಡಿಸಿ ಒದೆಯಿತು. ಅವನು ಮೊಣಕಾಲು ಹಿಡಿದು ಕುಳಿತಾಗ ರೇಣುಕವ್ವ ಸೆರಗು ಬಾಯಿಗಿಟ್ಟು ನಕ್ಕಳು.

"ಆರಾಮಾದ್ಲು ತಗೋ. ಟೆಂಪೋ ತಂದಾವ ಯಾರಂತ ಗುರ್ತ ಹಿಡದಾಳ."