ಮುಚ್ಚಿಟ್ಟ ಎರಡು ಬಾಟಲಿ ರಕ್ತ

ಗರ್ಭಕೋಶ ತೆಗೆದ ಎಂಟನೇ ದಿನ ನನ್ನ ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು.

ಉಷ್ಣವಾಗಿರಬೇಕೆಂದು ಮಜ್ಜಿಗೆ ಕುಡಿದೆ. ಜ್ವರ ಬಂತು. ಮರುದಿನ ಕನ್ನಡಿಯಲ್ಲಿ ನೋಡಿದರೆ ಕಣ್ಣು ಹಳದಿ. ಚಂದಾಪುರದಲ್ಲಿ ಸೀರೆ ಅಂಗಡಿ ಇಟ್ಟವಳು ನಾನು. ಬಣ್ಣದ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ. ಮಗಳು ಸವಿತಾ ಮತ್ತೆ ಕಲಬುರಗಿಯ ದವಾಖಾನೆಗೆ ಕರೆದೊಯ್ದಳು.

ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು.

ಆಪರೇಷನ್ ವೇಳೆ ಏರಿಸಿದ ರಕ್ತವನ್ನು ನನ್ನ ದೇಹವೇ ಒಡೆಯುತ್ತಿದೆ ಎಂದರು ಡಾಕ್ಟರಮ್ಮ. ಗುಂಪು ಸರಿಯಾಗಿಯೇ ಇತ್ತು. ಆದರೆ ಹಿಂದೆಂದೋ ಹೊರಗಿನ ರಕ್ತ ಕಂಡ ದೇಹ ಅದರ ವಿರುದ್ಧ ಆಂಟಿಬಾಡಿ ಮಾಡಿಟ್ಟುಕೊಂಡಿರುತ್ತದಂತೆ. ವರ್ಷಗಳು ಕಳೆದಂತೆ ಅದು ಟೆಸ್ಟಿಗೂ ಸಿಗದಷ್ಟು ಕಡಿಮೆಯಾಗಿ, ಅಂಥದೇ ರಕ್ತ ಮತ್ತೆ ಬಂದಾಗ ಏಳುತ್ತದಂತೆ.

"ನೆನಪು ಮಾಡ್ಕೊಳ್ರಿ ಅಮ್ಮಾ. ಮೊದ್ಲು ಯಾವಾಗರೆ ರಕ್ತ ಏರಿಸ್ಯಾರೇನ್ರಿ?"

ಆಪರೇಷನ್‌ಗೆ ಮುಂಚೆಯೂ ಇದೇ ಪ್ರಶ್ನೆ ಕೇಳಿದ್ದರು. ಇಲ್ಲ ಎಂದಿದ್ದೆ. ಪಕ್ಕದಲ್ಲಿ ಸವಿತಾ ಫಾರ್ಮ್ ತುಂಬುತ್ತಿದ್ದಳು. ಗಂಟು ಹೊತ್ತು ಊರೂರು ತಿರುಗಿ ವ್ಯಾಪಾರ ಕಲಿತವಳು ನಾನು, ಯಾರೇನು ಕೇಳಿದರೂ ಪೂರಾ ಹೇಳುವ ರೂಢಿ ಇಲ್ಲ. ಆದರೆ ಇದು ವ್ಯಾಪಾರದ ಮಾತಲ್ಲ. ಸವಿತಾ ಹುಟ್ಟುವ ಮೂರು ವರ್ಷ ಮೊದಲು, ಕಾಳಗಿಯಲ್ಲಿ, ನನಗೊಂದು ಹೆಣ್ಣುಕೂಸು ಹುಟ್ಟಿ ಸತ್ತಿತ್ತು. ಆಗ ಎರಡು ಬಾಟಲಿ ರಕ್ತ ಏರಿಸಿದ್ದರು. ಗೊತ್ತಿದ್ದವರು ಗಂಡ, ಅತ್ತೆ, ಇಬ್ಬರೂ ಈಗಿಲ್ಲ. ಆ ಕೂಸಿನ ನೆನಪು ನನ್ನೊಬ್ಬಳದೇ ಆಗಿತ್ತು.

"ಏರಿಸ್ಯಾರ್ರಿ," ಎಂದೆ. ಎಲ್ಲ ಹೇಳಿದೆ.

ಸವಿತಾ ನನ್ನನ್ನೇ ನೋಡಿದಳು. "ಗಿರಾಕಿಗಿ ಹೇಳ್ದಂಗ ಡಾಕ್ಟರಿಗೂ ಹೇಳಿದ್ಯಲ್ಲ! ಖರೇ ಹೇಳಿದ್ರ ನಿಂದೇನ್ ಗಂಟ್ ಹೋಗ್ತಿತ್ತು ಯವ್ವಾ?"

ಎದ್ದು ಹೊರಗೆ ಹೋದಳು.

ನನಗೆ ಹೊಂದುವ ರಕ್ತ ಹುಡುಕಲು ಎರಡು ದಿನ ಹಿಡಿಯಿತು. ಅಲ್ಲಿಯವರೆಗೆ ಸಲೈನ್, ಕಿಡ್ನಿ ಟೆಸ್ಟ್, ಕಾಯುವುದು. ಬಾತ್‌ರೂಮಿನವರೆಗೆ ನಡೆದರೆ ಉಸಿರು ಸಾಲುತ್ತಿರಲಿಲ್ಲ. ಸವಿತಾ ಗಂಜಿ ಕುಡಿಸಿ, ಹೊರಗೆ ಹೋಗಿ ಕೂರುತ್ತಿದ್ದಳು. ವಾರ್ಡ್ ತುಂಬ ಜನ. ಗಂಡ ಸತ್ತಾಗಲೂ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಮೂರನೇ ದಿನ ರಕ್ತ ಬಂತು. ನರ್ಸ್ ಹನಿ ಸರಿಮಾಡಿ ಹೋದಳು. ಸವಿತಾ ಸ್ಟೂಲ್ ಎಳೆದುಕೊಂಡು ಹತ್ತಿರ ಕುಳಿತಳು.

"ಅಕ್ಕ ಯಾರ್ ಹಂಗಿದ್ಳು?"

"ನಿನ್ ಹಂಗೇ. ಮೂಗು ಮಾತ್ರ ನಿಮ್ಮಪ್ಪಂದು."

ಈ ಸಲದ ರಕ್ತ ಉಳಿಯಿತು. ಈಗ ಅಂಗಡಿಯಲ್ಲಿ ಅರ್ಧ ದಿನ ಕೂರುತ್ತೇನೆ. ಪರ್ಸಿನಲ್ಲಿ ಆ ಆಂಟಿಬಾಡಿಯ ಹೆಸರು ಬರೆದ ಕಾರ್ಡ್ ಇದೆ. ನೀವೂ ಎಷ್ಟೇ ಹಳೆಯದಿರಲಿ, ರಕ್ತ ಏರಿಸಿದ್ದನ್ನು ಹೇಳಿಬಿಡಿ, ಯಾರು ಪಕ್ಕದಲ್ಲಿದ್ದರೂ.

ಮೊನ್ನೆ ಚೆಕಪ್‌ಗೆ ಹೋದಾಗ ಹೊಸ ನರ್ಸ್ ಹೆರಿಗೆ ಎಷ್ಟು ಎಂದು ಕೇಳಿದಳು. ಹಳೆಯ ರೂಢಿ, ಒಂದು ಎನ್ನಲು ಬಾಯಿ ತೆರೆದೆ.

"ಎರಡ್ರಿ," ಎಂದಳು ಸವಿತಾ.