ಹೊಸ ನೀರಿಗೆ ಬಂದ ಕೂಗಕ್ಕ

ಬೆಳಕು ಇನ್ನೂ ಪೂರ್ತಿ ಬಿಟ್ಟಿಲ್ಲ. ದೋಣಿಗಳು ನಿಲ್ಲುವ ದಕ್ಕೆಯ ಕಲ್ಲುಮೆಟ್ಟಿಲುಗಳ ಮೇಲೆ ರಾತ್ರಿಯ ತೇವ ಹಾಗೇ ಕೂತಿದೆ. ಕೊನೆಯ ಮೆಟ್ಟಿಲಿಗೆ ಕಟ್ಟಿದ ದೋಣಿಯೊಳಗೆ ಕುಕ್ಕರಗಾಲಲ್ಲಿ ಕೂತ ಹೆಂಗಸೊಬ್ಬರು ಅರ್ಧಕ್ಕೆ ಕತ್ತರಿಸಿದ ಎಣ್ಣೆಡಬ್ಬದಿಂದ ತಳದ ನೀರನ್ನು ಮೊಗೆಮೊಗೆದು ಆಚೆ ಚೆಲ್ಲುತ್ತಿದ್ದಾರೆ. ಮೈಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಬಟ್ಟೆ. ನೀರು ಖಾಲಿಯಾದ ಮೇಲೆ ಕೂರುವ ಹಲಗೆಗಳನ್ನು ಒಂದೊಂದಾಗಿ ಒರೆಸುತ್ತಾರೆ. ಹುಟ್ಟು ಸಿಕ್ಕಿಸುವ ಹಗ್ಗದ ಬಳೆಗಳಿಗೆ ಒಂದಿಷ್ಟು ನೀರು ಚಿಮುಕಿಸುತ್ತಾರೆ. ಒಣಗಿದ ಹಗ್ಗ ದಾರಿಯುದ್ದಕ್ಕೂ ಕಿರುಗುಟ್ಟುತ್ತದೆ, ಅದು ಅವರ ಕಿವಿಗೆ ಆಗಿಬರುವುದಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು ಶುರುವಾಗುತ್ತದೆ. ನೂಲಿನ ಗಿರಣಿಯ ಮೊದಲ ಪಾಳಿಯವರು ಊಟದ ಡಬ್ಬಿ ಹಿಡಿದು, ಆಕಳಿಸುತ್ತಾ ಇಳಿದು ಬರುತ್ತಾರೆ. ಹಾಲಿನ ಕ್ಯಾನು ಹೊತ್ತವರೊಬ್ಬರು, ಸಂತೆಗೆ ಸೊಪ್ಪು ಒಯ್ಯುವವರಿಬ್ಬರು. ಎಲ್ಲರೂ ಕೂತ ಮೇಲೆ ಹೆಂಗಸು ಹಗ್ಗ ಬಿಚ್ಚಿ, ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತು, ಎರಡೂ ಹುಟ್ಟುಗಳನ್ನು ಎದೆಯ ಕಡೆಗೆ ಎಳೆಯುತ್ತಾರೆ. ಮೆಟ್ಟಿಲು ಹಿಂದೆ ಸರಿಯುತ್ತದೆ. ನಾಲ್ಕು ಎಳೆತಕ್ಕೊಮ್ಮೆ ಹೆಗಲ ಮೇಲಿಂದ ಹಿಂದೆ ತಿರುಗಿ ಒಂದು ನೋಟ, ಅಷ್ಟೆ.

ನದಿ ಸಮುದ್ರ ಸೇರುವ ಈ ಅಳಿವೆಯ ಎರಡೂ ದಡಗಳಲ್ಲಿ ಅವರನ್ನು ಕೂಗಕ್ಕ ಎಂದರೆ ಮಾತ್ರ ಗೊತ್ತು. ಈಚೆ ದಡದಲ್ಲಿ ಮನೆಗಳು, ದೋಣಿ ರಿಪೇರಿಯ ಚಪ್ಪರಗಳು. ಆಚೆ ದಡದಲ್ಲಿ ಗಿರಣಿ, ಆಸ್ಪತ್ರೆ, ಪೇಟೆ. ಬಸ್ಸಲ್ಲಿ ಸುತ್ತಿ ಬಂದರೆ ಒಂದು ಗಂಟೆಗೂ ಮೇಲಾಗುವ ದಾರಿಯನ್ನು ಕೂಗಕ್ಕನ ದೋಣಿ, ಒಬ್ಬರು ತಲೆ ಬಾಚಿ ಜಡೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಸುತ್ತದೆ. ದಿನಕ್ಕೆ ಹತ್ತು ಹನ್ನೆರಡು ಸಲ ಹೋಗಿಬರುತ್ತಾರೆ. ಗಾಳಿ ಜೋರಿದ್ದರೆ ಕಡಿಮೆ, ಸಂತೆಯ ದಿನ ಲೆಕ್ಕವೇ ಇಲ್ಲ.

ಸದ್ದೇ ಇಲ್ಲದೆ ಕೆಲಸ ಮಾಡುವ ಇವರಿಗೆ ಕೂಗಕ್ಕ ಎಂಬ ಹೆಸರು ಹೇಗೆ ಬಂತು ಎಂದು ಕೇಳಿದರೆ ದೋಣಿಯಲ್ಲಿ ಕೂತವರೆಲ್ಲ ಒಟ್ಟಿಗೆ ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವರು ಅವರೇ.

ಕೂಗಕ್ಕ ಹುಟ್ಟಿ ಬೆಳೆದದ್ದು, ಮದುವೆಯಾಗಿ ಬಾಳಿದ್ದು ಎಲ್ಲ ಒಳನಾಡಿನ ಒಂದು ಕಿರಿದಾದ ಹೊಳೆಯ ದಂಡೆಯಲ್ಲಿ. ಅಪ್ಪ ಅಂಬಿಗ. ಮಗಳ ಕೈಗೆ ಬಿದಿರಿನ ಜಲ್ಲೆ ಬಂದಾಗ ಅವಳ ಎತ್ತರ ಜಲ್ಲೆಯ ಅರ್ಧಕ್ಕೂ ಬರುತ್ತಿರಲಿಲ್ಲ. ಆ ಹೊಳೆ ಆಳವಿಲ್ಲ, ತಿರುವು ಜಾಸ್ತಿ, ಎರಡೂ ಕಡೆ ಆಳೆತ್ತರದ ಜೊಂಡು. ಅಲ್ಲಿ ದೋಣಿಯ ಹಿಂಬದಿಯಲ್ಲಿ ನೆಟ್ಟಗೆ ನಿಂತು, ಮುಂದೆ ನೋಡುತ್ತಾ, ಜಲ್ಲೆಯಿಂದ ಹೊಳೆಯ ತಳವನ್ನು ಒತ್ತಿ ದೋಣಿ ನೂಕಬೇಕು. ತಿರುವು ಬಂದಾಗಲೆಲ್ಲ "ಹೋ... ಬಂದೆ!" ಎಂದು ಗಂಟಲು ಬಿಚ್ಚಿ ಕೂಗಬೇಕು. ಕೂಗದಿದ್ದರೆ ಎದುರಿನ ದೋಣಿಗೆ ಮೂತಿ ಗುದ್ದುವುದು ಖಂಡಿತ.

ಆಮೇಲೆ ಹೊಳೆಗೆ ಸೇತುವೆ ಬಂತು. ಜನಕ್ಕೆ ಅನುಕೂಲವಾಯಿತು, ದೋಣಿಗೆ ಕೆಲಸವಿಲ್ಲದಾಯಿತು. "ಸೇತುವೆ ಮೇಲೆ ಮೊದಲ ದಿನ ನಾನೂ ಖುಷಿಯಿಂದ ನಡೆದೆ. ಆಚೆ ಹೋಗಿ ಈಚೆ ಬಂದ ಮೇಲೆ ಹೊಳೀತು, ಇನ್ನು ನಾಳೆ ಮಾಡೋದೇನು ಅಂತ" ಎನ್ನುತ್ತಾರೆ ಕೂಗಕ್ಕ. ಗಂಡ ದೋಣಿ ಕಟ್ಟುವ ಬಡಗಿ, ಅವರ ಕೈಗೂ ಕೆಲಸವಿರಲಿಲ್ಲ. ಗಂಡನ ಭಾವ, ಅಂದರೆ ಅಕ್ಕನ ಗಂಡನಿಗೆ ಈ ಅಳಿವೆಯ ದಡದಲ್ಲಿ ದೋಣಿ ರಿಪೇರಿಯ ಚಪ್ಪರವಿತ್ತು. "ಇಲ್ಲಿ ಬನ್ನಿ, ಇಬ್ಬರಿಗೂ ನೀರೇ ಅನ್ನ ಕೊಡುತ್ತೆ" ಎಂದು ಅವರು ಹೇಳಿ ಕಳಿಸಿದರು. ಗಂಟುಮೂಟೆ ಕಟ್ಟಿಕೊಂಡು ಹೊರಟೇಬಿಟ್ಟರು.

"ನೀರು ಎಲ್ಲಿದ್ದರೂ ನೀರೇ ಅಲ್ವಾ ಅಂದ್ಕೊಂಡು ಬಂದೆ. ಬಂದು ನೋಡಿದ್ರೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಯ್ತು."

ಇಲ್ಲಿನ ನೀರು ಅಗಲ, ಆಳ. ಜಲ್ಲೆ ಇಳಿಸಿದರೆ ತಳವೇ ಸಿಗುವುದಿಲ್ಲ. ದಿನಕ್ಕೆರಡು ಸಲ ಸಮುದ್ರದ ನೀರು ಒಳಗೆ ನುಗ್ಗಿ ಮೆಟ್ಟಿಲು ಮುಳುಗಿಸುತ್ತದೆ, ಎರಡು ಸಲ ಹಿಂದೆ ಸರಿದು ಮೊಣಕಾಲುದ್ದದ ಕೆಸರು ಬಿಟ್ಟುಹೋಗುತ್ತದೆ. ನಿಂತು ನಡೆಸಿದರೆ ಗಾಳಿ ಆಳನ್ನೇ ಕೆಡವುತ್ತದೆ. ಕೂತು, ಬೆನ್ನು ತಿರುಗಿಸಿ, ಎರಡು ಹುಟ್ಟು ಎಳೆಯಬೇಕು. ಮೊದಲ ವಾರ ಕೂಗಕ್ಕನ ದೋಣಿ ಏಡಿಯ ಹಾಗೆ ಓರೆಯಾಗಿ ಹೋಗುತ್ತಿತ್ತಂತೆ. ಜೊತೆಗೇ ಬಂದಿದ್ದ ಅತ್ತೆಯವರು ಮನೆಯ ಕಿಟಕಿಯಲ್ಲಿ ಕೂತು ನೋಡಿ, "ಆಚೆ ದಡಕ್ಕೆ ಹೋಗೋಳು ಸಮುದ್ರದ ಕಡೆ ಯಾಕೆ ಹೊರಟಿದ್ದಾಳೆ, ಏನಾದ್ರೂ ಜಗಳ ಆಯ್ತಾ ನಿಮ್ಮಿಬ್ಬರಿಗೆ?" ಎಂದು ಮಗನನ್ನು ವಿಚಾರಿಸಿದ್ದರು.

ಅದು ನಗುವ ಮಾತಾಯಿತು. ಕೂಗಿನ ಮಾತು ಹಾಗಲ್ಲ. ಜನ ಹತ್ತಿಸಿಕೊಂಡು ಹೊರಟ ಮೊದಲ ಬೆಳಿಗ್ಗೆ ದೂರದಲ್ಲಿ ಬಲೆ ಬಿಟ್ಟು ಕೂತ ದೋಣಿಗಳು ಕಂಡವು. ಅಭ್ಯಾಸಬಲ. ಕೂಗಕ್ಕ ಎದೆ ತುಂಬ ಉಸಿರೆಳೆದು "ಹೋ... ಬಂದೆ!" ಎಂದರು. ಅಳಿವೆಯ ತುಂಬ ಅದು ಮೊಳಗಿತು. ಮರುಕ್ಷಣ ಎಲ್ಲ ದೋಣಿಗಳೂ ಬಲೆಗಳನ್ನು ಹಾಗೇ ಬಿಟ್ಟು, ಬಾಣದ ಹಾಗೆ ಅವರತ್ತ ನುಗ್ಗಿ ಬಂದವು. ಈ ನೀರಿನಲ್ಲಿ ಯಾರೂ ಸುಮ್ಮನೆ ಕೂಗುವುದಿಲ್ಲ. ಯಾರಾದರೂ ಮುಳುಗುತ್ತಿದ್ದರೆ ಮಾತ್ರ ಕೂಗು. ಕೂಗು ಕೇಳಿದವರು ಕೈಯ ಕೆಲಸ ಬಿಟ್ಟು ಹೋಗಲೇಬೇಕು.

"ಯಾರು ಬಿದ್ದೋರು? ಯಾರು ಬಿದ್ದೋರು?" ಎಂದು ಏದುಸಿರು ಬಿಡುತ್ತಾ ಬಂದವರಿಗೆ, ಹಲಗೆಯ ಮೇಲೆ ಬೆಚ್ಚಗೆ ಕೂತ ಪ್ರಯಾಣಿಕರು ಕಂಡರು. ಆ ದಿನ ಎಷ್ಟು ಮೀನು ಬಲೆಯಿಂದ ತಪ್ಪಿಸಿಕೊಂಡು ಹೋಯಿತೋ. "ಭೂಮಿ ಬಾಯಿಬಿಟ್ಟು ನನ್ನ ನುಂಗಬಾರದಾ ಅನ್ನಿಸ್ತು. ಅಲ್ಲಿ ಭೂಮಿನೂ ಇರಲಿಲ್ಲ, ಬರೀ ನೀರು" ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಹೆಸರು ಅಂಟಿಕೊಂಡಿತ್ತು.

ಎದುರುಬದುರಾದರೆ ಇಲ್ಲಿ ಮಾತಿಲ್ಲ, ಹುಟ್ಟಿನ ಅಲಗನ್ನು ನೀರಿಂದ ಎತ್ತಿ ಹಿಡಿದರೆ "ನೀನು ಮೊದಲು ಹೋಗು" ಎಂದು ಅರ್ಥ. ಹೊಳೆಯಲ್ಲಿ ಸೆಳವಿನ ಜೊತೆ ಇಳಿದು ಬರುವವರಿಗೆ ದಾರಿ ಬಿಡುತ್ತಿದ್ದರು, ಇಲ್ಲಿ ಭಾರ ಹೊತ್ತ ದೋಣಿಗೆ ಬಿಡುತ್ತಾರೆ. ಇವನ್ನೆಲ್ಲ ಕೂಗಕ್ಕ ಯಾರನ್ನೂ ಕೇಳದೆ, ನೋಡಿ ನೋಡಿಯೇ ಕಲಿತರು. ನೋಡಿ ಕಲಿಯಲಾಗದ ಒಂದು ಸಂಗತಿ ಮಾತ್ರ ದುಬಾರಿಯಾಯಿತು.

ಹೊಳೆಯಲ್ಲಿ ದೋಣಿಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟುತ್ತಿದ್ದರು. ಒಬ್ಬರ ದೋಣಿಯ ಮೇಲೆ ಕಾಲಿಟ್ಟು ಇನ್ನೊಬ್ಬರದಕ್ಕೆ ದಾಟುವುದು ಅಂಗಳ ದಾಟಿದಷ್ಟೇ ಸಲೀಸು. ಇಲ್ಲಿಗೆ ಬಂದ ಹೊಸದರಲ್ಲಿ, ನೀರಿಳಿದ ಹೊತ್ತಲ್ಲಿ, ಕೂಗಕ್ಕ ಹಾಗೆಯೇ ಪಕ್ಕದ ದೋಣಿಯ ಮೇಲೆ ಕಾಲಿಟ್ಟು ತಮ್ಮ ದೋಣಿಗೆ ಹಾರಿದರು. ಆ ದೋಣಿ ದಕ್ಕೆಗೇ ಹಿರಿಯರಾದ ಗಡ್ಡದ ಯಜಮಾನರದು. ಅವರು ಒಳಗೇ ಮಲಗಿದ್ದರು. ಎದ್ದು ಕೂತು, ಬಟ್ಟೆ ತೆಗೆದುಕೊಂಡು ಹೆಜ್ಜೆಯ ಕೆಸರು ಒರೆಸಿದರು. ಆವತ್ತಿನಿಂದ ಮಾತು ಬಂದ್.

"ಇದು ನಮಗೆ ಮನೆ" ಎಂದು ಗಡ್ಡದ ಯಜಮಾನರು ಈಗ ವಿವರಿಸುತ್ತಾರೆ. "ಬಲೆ ಬಿಡೋಕೆ ಹೋದ್ರೆ ಎರಡು ಮೂರು ದಿನ ಇಲ್ಲೇ ಅಡುಗೆ, ಇಲ್ಲೇ ನಿದ್ದೆ. ನಿಮ್ಮನೆಗೆ ಯಾರಾದ್ರೂ ಕೇಳದೆ ನುಗ್ಗಿ, ಒಲೆ ದಾಟ್ಕೊಂಡು ಹೋದ್ರೆ ನಿಮಗೆ ಹೇಗಿರುತ್ತೆ? ಇವಳಿಗೆ ಗೊತ್ತಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ. ಸೊಕ್ಕು ಅಂದ್ಕೊಂಡೆ."

ತಪ್ಪು ಏನೆಂದು ಗಂಡನ ಭಾವನಿಂದ ತಿಳಿದ ಮೇಲೆ ಕೂಗಕ್ಕ ನೀರಿಳಿದಾಗಲೆಲ್ಲ ಮೆಟ್ಟಿಲ ಮೇಲೆ ನಿಂತು "ಯಜಮಾನ್ರೇ, ದಾಟ್ಲಾ?" ಎಂದು ಕೇಳುವುದು, ಅವರು ಕೇಳಿಸದವರಂತೆ ಬಲೆ ಹೆಣೆಯುವುದು. ಉತ್ತರ ಬರದಿದ್ದರೆ ದಾಟುವಂತಿಲ್ಲ. ಕೂಗಕ್ಕ ಮೊಣಕಾಲುದ್ದ ಕೆಸರಿಗಿಳಿದು ಸುತ್ತಿ ಹೋಗುತ್ತಿದ್ದರು. ಹೀಗೇ ಎರಡು ವರ್ಷ ಕಳೆಯಿತು. "ಬೇಜಾರಾಗ್ತಿತ್ತು. ಆದ್ರೆ ಅವರ ಮನೆ ತುಳಿದಿದ್ದು ನಾನೇ ತಾನೆ? ಕೇಳೋದು ನನ್ನ ಕೆಲಸ, ಹ್ಞೂಂ ಅನ್ನೋದು ಅವರ ಇಷ್ಟ."

ಮೂರನೇ ವರ್ಷದ ಒಂದು ಮಧ್ಯಾಹ್ನ ಚಪ್ಪರದಲ್ಲಿ ಹಲಗೆ ಕೆತ್ತುತ್ತಿದ್ದ ಗಂಡನ ಕೈಯಿಂದ ಬಾಚಿ ಜಾರಿ ಕಣಕಾಲಿಗೆ ಬಡಿಯಿತು. ಬಾಚಿ ಅಂದರೆ ಮರವನ್ನೇ ಸಿಪ್ಪೆಯಂತೆ ಎಬ್ಬಿಸುವ ಆಯುಧ. ಬಟ್ಟೆ ಸುತ್ತಿದರೂ ರಕ್ತ ನಿಲ್ಲಲಿಲ್ಲ. ಆಸ್ಪತ್ರೆ ಆಚೆ ದಡದಲ್ಲಿ. ಬಸ್ಸಿಗೆ ಕಾಯುವಂತಿಲ್ಲ. ಕೂಗಕ್ಕ ಮತ್ತು ಗಂಡನ ಭಾವ ಇಬ್ಬರೂ ಅವರನ್ನು ಎರಡು ಕಡೆ ಹೆಗಲು ಕೊಟ್ಟು ಮೆಟ್ಟಿಲವರೆಗೆ ತಂದರು. ನೋಡಿದರೆ ನೀರು ಪೂರ್ತಿ ಇಳಿದಿದೆ. ಮೆಟ್ಟಿಲ ಬುಡದಲ್ಲಿ ಗಡ್ಡದ ಯಜಮಾನರ ದೋಣಿ, ಅದರಾಚೆ ಇನ್ನೆರಡು, ಎಲ್ಲಕ್ಕಿಂತ ಕೊನೆಗೆ, ನೀರಿಗೆ ಮೂತಿಯಿಟ್ಟುಕೊಂಡು ಕೂಗಕ್ಕನದು.

ಕೂಗಕ್ಕ ಕೊನೆಯ ಮೆಟ್ಟಿಲಲ್ಲಿ ನಿಂತರು. ಗಂಡನ ಕೈ ಹೆಗಲ ಮೇಲಿದೆ, ರಕ್ತ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿದೆ. ಬಾಯಿ ತಾನಾಗಿಯೇ ಕೇಳಿತು: "ಯಜಮಾನ್ರೇ, ದಾಟ್ಲಾ?"

ಬಲೆಯಿಂದ ತಲೆ ಎತ್ತಿದ ಗಡ್ಡದ ಯಜಮಾನರು ಕಲ್ಲಿನ ಮೇಲಿನ ರಕ್ತ ನೋಡಿದರು. ಆಮೇಲೆ ಎರಡು ವರ್ಷದ ಮೌನವನ್ನೆಲ್ಲ ಒಟ್ಟು ಸೇರಿಸಿ ಗದರಿದರು. "ತಲೆ ಕೆಟ್ಟಿದೆಯಾ ನಿಂಗೆ? ಗಂಡನ ಕಾಲಲ್ಲಿ ರಕ್ತ ಸುರೀತಿದೆ, ನನ್ನ ಅಪ್ಪಣೆ ಕೇಳ್ಕೊಂಡು ನಿಂತಿದ್ದೀಯಲ್ಲ! ದಾಟು ತಾಯಿ, ದಾಟು!"

"ಆಚೆ ದೋಣಿಯವರು ಇಲ್ಲ..."

"ಅವರಿಗೆ ನಾನು ಹೇಳ್ಕೋತೀನಿ. ನಡಿ!"

ಹೆಣೆಯುತ್ತಿದ್ದ ಬಲೆಯನ್ನೇ ಅವರು ಕಾಲಡಿಗೆ ಹಾಸಿದರು, ಜಾರದಿರಲಿ ಎಂದು. ಭಾವ ಗಾಯವನ್ನು ಒತ್ತಿ ಹಿಡಿದು ಕೂತರು. ಯಜಮಾನರು ತಮ್ಮ ಹುಟ್ಟುಗಳನ್ನೂ ತಂದು, ಕೂಗಕ್ಕನ ಹಿಂದಿನ ಹಲಗೆಯಲ್ಲಿ ಕೂತು ಎಳೆಯತೊಡಗಿದರು. ನಡುನೀರಿಗೆ ಬಂದಾಗ, "ಕೂಗು" ಎಂದರು. ಕೂಗಕ್ಕ ತಿರುಗಿ ನೋಡಿದರು. "ನನ್ನ ಗಂಟಲು ಮುದಿಯಾಯ್ತು. ನಿಂದು ಎಷ್ಟು ದೂರ ಹೋಗುತ್ತೆ ಅಂತ ನಂಗೆ ಗೊತ್ತು. ಇವತ್ತು ಕೂಗದೆ ಇನ್ಯಾವತ್ತು ಕೂಗ್ತೀಯ?"

"ಮೊದಲು ಸ್ವರಾನೇ ಹೊರಡಲಿಲ್ಲ" ಎಂದು ನೆನೆಯುತ್ತಾರೆ ಕೂಗಕ್ಕ. "ಎರಡು ವರ್ಷ ನುಂಗಿ ನುಂಗಿ ಇಟ್ಟಿದ್ದೆನಲ್ಲ. ಆಮೇಲೆ ಬಂತು ನೋಡಿ. ಆ ಕೂಗಲ್ಲಿ ಎಷ್ಟು ಅಳು ಇತ್ತು, ಎಷ್ಟು ಧೈರ್ಯ ಇತ್ತು, ನನಗೇ ಗೊತ್ತಿಲ್ಲ."

ಅಳಿವೆಯ ದೋಣಿಗಳೆಲ್ಲ ಈ ಸಲವೂ ಬಲೆ ಬಿಟ್ಟು ಬಂದವು. ಎರಡು ದೋಣಿ ಮುಂದೆ ಹೋಗಿ ಆಚೆ ದಡಕ್ಕೆ ಸುದ್ದಿ ಮುಟ್ಟಿಸಿದವು. ಕೂಗಕ್ಕನ ದೋಣಿ ದಡ ಸೇರುವಷ್ಟರಲ್ಲಿ ಗಿರಣಿಯವರು ಹತ್ತಿಯ ಮೂಟೆ ಸಾಗಿಸುವ ತಳ್ಳುಗಾಡಿಯನ್ನು ತಂದು ನಿಲ್ಲಿಸಿದ್ದರು. ಹೊತ್ತಿಗೆ ಸರಿಯಾಗಿ ಬಂದಿರಿ ಎಂದರು ಡಾಕ್ಟರು. ಕಾಲು ಉಳಿಯಿತು. ಚಳಿಗಾಲದಲ್ಲಿ ಒಂದಿಷ್ಟು ಕುಂಟುತ್ತಾರೆ, ಅಷ್ಟೆ. "ಕುಂಟೋದು ಕೆಲಸ ಹೇಳಿದಾಗ ಮಾತ್ರ, ಊಟಕ್ಕೆ ಕರೆದಾಗ ಓಡಿ ಬರ್ತಾರೆ" ಎಂಬುದು ಹೆಂಡತಿಯ ವರದಿ. ಪಕ್ಕದಲ್ಲೇ ಉಳಿ ಮಸೆಯುತ್ತಿದ್ದ ಗಂಡ ತಲೆ ಎತ್ತದೆ, "ಬರೆದುಕೊಳ್ಳಿ, ಇದನ್ನೂ ಬರೆದುಕೊಳ್ಳಿ" ಎಂದು ನಗುತ್ತಾರೆ.

ಆ ವಾರವೇ ಗಡ್ಡದ ಯಜಮಾನರು ಉಳಿದ ದೋಣಿಯವರನ್ನು ಕೂರಿಸಿಕೊಂಡು ಮಾತಾಡಿದರು. ಈಗ ನೀರಿಳಿಯುವ ಹೊತ್ತಿಗೆ ದೋಣಿಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟುತ್ತಾರೆ, ನಡುವೆ ಬಡಗಿಯವರು ಮಾಡಿಕೊಟ್ಟ ಹಲಗೆಗಳು. ಗಿರಣಿಯವರಿಗೆ ಕೆಸರು ತುಳಿಯುವ ಕಷ್ಟ ತಪ್ಪಿದೆ. ಆದರೆ ಯಾರೂ ಕೇಳದೆ ಕಾಲಿಡುವುದಿಲ್ಲ. ಮಧ್ಯಾಹ್ನ ದಕ್ಕೆಯಲ್ಲಿ ನಿಂತರೆ ಸಾಲಾಗಿ "ದಾಟ್ಲಾ?" "ಹ್ಞೂಂ" "ದಾಟ್ಲಾ?" "ಹ್ಞೂಂ" ಎಂಬುದು ಕೇಳುತ್ತಲೇ ಇರುತ್ತದೆ. ಹ್ಞೂಂ ಎನ್ನುವವರು ಕೈಯ ಕೆಲಸದಿಂದ ಕಣ್ಣು ಎತ್ತುವುದೂ ಇಲ್ಲ.

ಹಳೆಯ ಹೊಳೆ ನೆನಪಾಗುವುದಿಲ್ಲವೇ ಎಂದರೆ ಕೂಗಕ್ಕ ಒಪ್ಪಿಕೊಳ್ಳುತ್ತಾರೆ. "ಆಗುತ್ತೆ. ಜೊಂಡಿನ ವಾಸನೆ ನೆನಪಾಗುತ್ತೆ. ಆದ್ರೆ ಒಂದು ಹೇಳ್ಲಾ? ಅಲ್ಲಿ ಹಿಂದೆ ನಿಂತು ನಡೆಸ್ತಿದ್ದೆ, ಎಲ್ಲರ ಬೆನ್ನು ಮಾತ್ರ ಕಾಣ್ತಿತ್ತು. ಇಲ್ಲಿ ಎದುರಿಗೆ ಮುಖ ಕಾಣುತ್ತೆ. ಯಾರಿಗೆ ಹುಷಾರಿಲ್ಲ, ಯಾರ ಮನೇಲಿ ಜಗಳ, ಯಾರಿಗೆ ಸಂಬಂಧ ಕೂಡಿಬಂತು, ಎಲ್ಲ ನಂಗೇ ಮೊದಲು ಗೊತ್ತಾಗೋದು."

ದೊಡ್ಡ ಆಸೆಗಳೇನೂ ಇಲ್ಲ. ಮೆಟ್ಟಿಲ ಮೇಲೆ ಒಂದು ತಗಡಿನ ಮಾಡು ಬಂದರೆ ಮಳೆಗಾಲದಲ್ಲಿ ಕಾಯುವವರು ನೆನೆಯುವುದು ತಪ್ಪುತ್ತದೆ. ಕಂಬಗಳನ್ನು ಗಂಡ ಆಗಲೇ ಕೆತ್ತಿಟ್ಟಿದ್ದಾರೆ.

ಬೆಳಗಿನ ವಾಪಸು ಸವಾರಿಯಲ್ಲಿ ರಾತ್ರಿ ಪಾಳಿ ಮುಗಿಸಿದ ಆಸ್ಪತ್ರೆಯ ಆಯಾ ಒಬ್ಬರು ಹತ್ತುತ್ತಾರೆ. ದೋಣಿ ದಡ ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲಿ ಅವರ ತಲೆ ಮಡಿಲಲ್ಲಿದ್ದ ಚೀಲದ ಮೇಲೆ ವಾಲುತ್ತದೆ. ಪಕ್ಕದಲ್ಲಿ ಕೂತ ಗಿರಣಿ ಕೆಲಸಗಾರರೊಬ್ಬರು ಆಗಲೇ ಬಾಯಿ ತೆರೆದು ಮಲಗಿದ್ದಾರೆ. ಕೂಗಕ್ಕ ಹುಟ್ಟನ್ನು ಇನ್ನಷ್ಟು ಮೆತ್ತಗೆ ನೀರಿಗಿಳಿಸುತ್ತಾ, ದನಿ ತಗ್ಗಿಸಿ ಹೇಳುತ್ತಾರೆ:

"ಬಂದ ಹೊಸದರಲ್ಲಿ ನನ್ನ ದೋಣಿ ಹತ್ತಿದೋರು ಎರಡೂ ಕೈಲಿ ಅಂಚು ಹಿಡ್ಕೊಂಡು ಕೂರ್ತಿದ್ರು. ಈಗ ನೋಡಿ, ಗೊರಕೆ ಹೊಡೀತಾರೆ."